ದಿಯಾಸ್ ಆರ್ಸೆಯ ಗೋಲುಗಳನ್ನು ನಾನು ಲೆಕ್ಕ ಹಾಕಿದ ಬಗೆ

1996ರಲ್ಲಿ ನಾನು ಮೇರಿಲ್ಯಾಂಡ್‌ನಲ್ಲಿ ವಿದ್ಯಾರ್ಥಿಯಾಗಿದ್ದೆ. ಬಿಡುವಿನ ವೇಳೆಯಲ್ಲಿ ಕ್ಯಾಂಪಸ್ಸಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲಿ ನನ್ನ ಜೊತೆಗಿದ್ದವರಲ್ಲಿ ಹಲವರು ಎಲ್ ಸಾಲ್ವಡಾರಿನವರು. 1992ರ ಜನವರಿಯಲ್ಲಿ ಚಪುಲ್ತೆಪೆಕ್ ಒಪ್ಪಂದದಿಂದ ಕೊನೆಗೊಂಡ, ಹನ್ನೆರಡು ವರ್ಷಗಳ ಅಂತರ್ಯುದ್ಧದ ಕಾಲದಲ್ಲಿ ಊರು ಬಿಟ್ಟು ವಾಷಿಂಗ್ಟನ್ ಸುತ್ತಮುತ್ತ ನೆಲೆಸಿದ ಕುಟುಂಬಗಳಿಗೆ ಸೇರಿದವರು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಾದ ಮೇಜರ್ ಲೀಗ್ ಸಾಕರ್ ಆರಂಭವಾದ ಆ ವರ್ಷ ತಮ್ಮ ದೇಶದ ರಾಊಲ್ ದಿಯಾಸ್ ಆರ್ಸೆ ವಾಷಿಂಗ್ಟನ್ನಿನ ಡಿ.ಸಿ. ಯುನೈಟೆಡ್ ತಂಡಕ್ಕೆ ಆಡುತ್ತಾನೆಂದು ಹೇಳಿ, ಅವರು ನನ್ನನ್ನು ಆರ್‌ಎಫ್‌ಕೆ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದರು. ಬೆಂಗಳೂರಿನ ಆಸ್ಟಿನ್ ಟೌನ್ ಮೈದಾನದ ಅಂಚಿನಲ್ಲಿ ನಿಂತು ಆಟ ನೋಡುತ್ತ ಬೆಳೆದ ನನಗೆ, ಜನ ಒಟ್ಟಾಗಿ ಕುಣಿದಾಗ ಕಾಲಡಿಯ ಗ್ಯಾಲರಿಯೇ ಮೇಲೆ ಕೆಳಗೆ ಆಡುವ ಅನುಭವ ಅದೇ ಮೊದಲು.

ಅಂದಿನಿಂದ ಅವನ ಗೋಲುಗಳನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡತೊಡಗಿದೆ. ಬಹಳ ವರ್ಷಗಳ ನಂತರ ಆ ಪುಸ್ತಕವನ್ನೇ ಆಧಾರವಾಗಿಟ್ಟುಕೊಂಡು ಅವನ ವೃತ್ತಿಜೀವನವನ್ನು ಕನ್ನಡದಲ್ಲಿ ಬರೆಯಲು ಕುಳಿತಾಗ, ನನ್ನ ಲೆಕ್ಕ ಎಲ್ಲೆಲ್ಲಿ ತಪ್ಪಿತ್ತೆಂಬುದು ತಿಳಿಯಿತು.

ಮೊದಲ ತೊಡಕು ಹೆಸರಿನದು. ಅಮೆರಿಕದ ಅಂಕಪಟ್ಟಿಗಳಲ್ಲಿ ಇಂಗ್ಲಿಷ್ ಅಕ್ಷರಗಳನ್ನು ನೋಡಿ ನಾನು ‘ಡಯಾಜ್ ಆರ್ಸ್’ ಎಂದು ಬರೆದುಕೊಂಡಿದ್ದೆ. ಅಡುಗೆಮನೆಯ ಗೆಳೆಯರ ಬಾಯಲ್ಲಿ ಅದು ‘ದಿಯಾಸ್ ಆರ್ಸೆ’ ಆಗಿತ್ತು. ಮಧ್ಯ ಅಮೆರಿಕದ ಸ್ಪ್ಯಾನಿಷ್‌ನಲ್ಲಿ ‘ದಿಯಾಸ್’ನ ಕೊನೆಯ ಅಕ್ಷರ ‘ಸ’ಕಾರವೇ ಆಗಿ ಕೇಳಿಸುತ್ತದೆ, ಮೊದಲ ಅಕ್ಷರದ ಉಚ್ಚಾರದಲ್ಲಿ ನಾಲಿಗೆ ಹಲ್ಲಿಗೆ ತಾಗುತ್ತದೆಯೇ ಹೊರತು ಅಂಗುಳಕ್ಕಲ್ಲ. ‘ದ’ ಮತ್ತು ‘ಡ’ಗಳನ್ನು ಬೇರೆಬೇರೆಯಾಗಿ ಬರೆಯಬಲ್ಲ ನಮ್ಮ ಲಿಪಿಯಲ್ಲಿ ಈ ಹೆಸರನ್ನು ಇಂಗ್ಲಿಷಿಗಿಂತ ಸರಿಯಾಗಿ ದಾಖಲಿಸಬಹುದೆಂದು ಕಂಡುಕೊಂಡಾಗ ನನಗಾದ ಸಂತೋಷ ಸಣ್ಣದಲ್ಲ. ದಿಯಾಸ್ ತಂದೆಯ ಕಡೆಯ ಹೆಸರು, ಆರ್ಸೆ ತಾಯಿಯ ಕಡೆಯದು. ಎರಡನ್ನೂ ಸೇರಿಸಿ ಕರೆಯುವುದೇ ರೂಢಿ. ಹೀಗಾಗಿ ಒಂದನ್ನೇ ಹಿಡಿದು ಹುಡುಕಿದರೆ ಅರ್ಧ ದಾಖಲೆಗಳು ಕೈತಪ್ಪುತ್ತವೆ.

ಎರಡನೆಯ ತಪ್ಪು ಎಣಿಕೆಯದು, ಮತ್ತು ಅದೇ ಹೆಚ್ಚು ಗಂಭೀರವಾದದ್ದು. ಆ ಲೀಗಿನ ಮೊದಲ ವರ್ಷಗಳಲ್ಲಿ ಪಂದ್ಯ ಸಮವಾದರೆ ಆಟಗಾರ ಗೋಲಿನಿಂದ 35 ಗಜ ದೂರದಲ್ಲಿ ಚೆಂಡಿಟ್ಟುಕೊಂಡು ಹೊರಟು, ಐದು ಸೆಕೆಂಡುಗಳೊಳಗೆ ಗೋಲ್‌ಕೀಪರನೊಬ್ಬನನ್ನೇ ಎದುರಿಸಿ ಹೊಡೆಯಬೇಕಿತ್ತು. ಹೀಗೆ ಗೆದ್ದ ತಂಡಕ್ಕೆ ಮೂರರ ಬದಲು ಒಂದೇ ಅಂಕ. ಆ ಹೊಡೆತಗಳು ಆಟಗಾರನ ವೈಯಕ್ತಿಕ ಗೋಲುಗಳ ಲೆಕ್ಕಕ್ಕೆ ಸೇರುವುದಿಲ್ಲವೆಂಬುದು ಗೊತ್ತಿಲ್ಲದೆ ನಾನು ಅವನ್ನೂ ಸೇರಿಸಿದ್ದೆ. ಲೀಗ್ ಪಂದ್ಯಗಳು ಮುಗಿದ ಮೇಲೆ ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್ ಪಂದ್ಯಗಳ ಗೋಲುಗಳನ್ನೂ ಲೀಗ್ ಗೋಲುಗಳೊಂದಿಗೆ ಬೆರೆಸಿದ್ದೆ. ಇದರಿಂದ ನನ್ನ ಪುಸ್ತಕದಲ್ಲಿ ಅವನ ಮೊದಲ ಋತುವಿನ ಮೊತ್ತ ಎಲ್ಲರ ದಾಖಲೆಗಿಂತ ಹೆಚ್ಚಾಗಿತ್ತು, ಮತ್ತು ಬಹುಕಾಲ ನಾನು ಉಳಿದವರೇ ತಪ್ಪಿದ್ದಾರೆಂದು ನಂಬಿದ್ದೆ. ಕೊನೆಗೆ ಲೀಗ್, ಪ್ಲೇಆಫ್, ರಾಷ್ಟ್ರೀಯ ತಂಡ ಎಂದು ಮೂರು ಕಾಲಮ್ಮು ಹಾಕಿ, ಪ್ರತಿ ಪಂದ್ಯವನ್ನೂ ಹೊಸದಾಗಿ ಬರೆದೆ. ಆಗ ಲೀಗಿನ ಕಾಲಮ್ಮು ಸರಿಹೋಯಿತು: 1996ರಲ್ಲಿ 23 ಗೋಲು, 1997ರಲ್ಲಿ 15, 1998ರಲ್ಲಿ 18.

ಮೊದಲ ವರ್ಷ ಅವನಿಗಿಂತ ಹೆಚ್ಚು ಗೋಲು ಹೊಡೆದವನು ಟ್ಯಾಂಪಾ ಬೇ ತಂಡದ ರಾಯ್ ಲ್ಯಾಸಿಟರ್ ಒಬ್ಬನೇ, 27. ಮರುವರ್ಷ ಲೀಗಿನ ಅಗ್ರಸ್ಥಾನ 16 ಗೋಲು ಹೊಡೆದ ಬೊಲಿವಿಯಾದ ಹೈಮೆ ಮೊರೆನೊಗೆ ದಕ್ಕಿತು. ಮೊರೆನೊ ಅವನದೇ ತಂಡದವನು. ಅಂತರ ಒಂದೇ ಗೋಲು.

ಆದರೆ ಪಟ್ಟಿ ಹೇಳದ ಸಂಗತಿಗಳೂ ಇವೆ. ಡಿ.ಸಿ. ಯುನೈಟೆಡ್ ಎಂದಾಗ ಜನ ನೆನೆಯುವುದು ಅದರ ಫೈನಲ್‌ಗಳನ್ನು. 1996ರ ಅಕ್ಟೋಬರ್ 20ರಂದು ಫಾಕ್ಸ್‌ಬರೋದಲ್ಲಿ ಜಡಿಮಳೆಯ ನಡುವೆ ಲಾಸ್ ಏಂಜಲೀಸ್ ಗ್ಯಾಲಕ್ಸಿ ವಿರುದ್ಧ 0–2ರ ಹಿನ್ನಡೆಯಿಂದ ಚೇತರಿಸಿಕೊಂಡು, ಎಡ್ಡಿ ಪೋಪ್ ಹೆಚ್ಚುವರಿ ಅವಧಿಯಲ್ಲಿ ಹೊಡೆದ ಹೆಡರ್‌ನಿಂದ 3–2ರಲ್ಲಿ ಗೆದ್ದದ್ದು; ಮರುವರ್ಷ ಆರ್‌ಎಫ್‌ಕೆಯಲ್ಲೇ ಕೊಲರಾಡೊ ವಿರುದ್ಧ 2–1ರ ಗೆಲುವು. ಈ ಎರಡು ಫೈನಲ್‌ಗಳಲ್ಲಿ ತಂಡ ಹೊಡೆದ ಐದು ಗೋಲುಗಳಲ್ಲಿ ದಿಯಾಸ್ ಆರ್ಸೆಯದು ಒಂದೂ ಇಲ್ಲ. ಆದ್ದರಿಂದಲೇ ಮುಖ್ಯಾಂಶಗಳನ್ನಷ್ಟೇ ನೋಡುವವರ ಕಣ್ಣಿಗೆ ಅವನು ಬೀಳುವುದೇ ಇಲ್ಲ. ಅಲ್ಲಿಯವರೆಗೆ ತಂಡವನ್ನು ವಾರವಾರವೂ ಹೊತ್ತುತಂದವರ ಸಾಲಿನಲ್ಲಿ ಅವನು ಮುಂದಿದ್ದನೆಂಬುದು ನನ್ನ ದೃಢವಾದ ಅಭಿಪ್ರಾಯ.

ಗ್ಯಾಲರಿಯಿಂದ ನಾನು ಗಮನಿಸಿದ್ದು ಹೀಗಿದೆ. ತಂಡದ ಮಿಡ್‌ಫೀಲ್ಡರ್ ಮಾರ್ಕೊ ಎಚೆವೆರ್ರಿಯ ಎಡಗಾಲಿಗೆ ಚೆಂಡು ಸಿಗುವವರೆಗೆ ದಿಯಾಸ್ ಆರ್ಸೆ ಇಬ್ಬರು ರಕ್ಷಣಾ ಆಟಗಾರರ ನಡುವೆ, ಆಟಕ್ಕೆ ಸಂಬಂಧವೇ ಇಲ್ಲದವನಂತೆ ನಡೆದಾಡುತ್ತಿದ್ದ. ಎಚೆವೆರ್ರಿ ತಲೆ ಎತ್ತಿದ ಕ್ಷಣ, ಮೊದಲು ಗೋಲಿನ ಹತ್ತಿರದ ಕಂಬದ ಕಡೆಗೆ ಎರಡು ಹೆಜ್ಜೆ ಹಾಕಿ, ಕಾವಲಿನವನು ಜೊತೆಗೆ ವಾಲಿದ ಕೂಡಲೇ ಅವನ ಬೆನ್ನಹಿಂದೆ ಸರಿದುಬಿಡುತ್ತಿದ್ದ. ಚೆಂಡು ಬಂದಾಗ ಅದನ್ನು ಹತೋಟಿಗೆ ತಂದುಕೊಳ್ಳುತ್ತ ಕೂರುತ್ತಿರಲಿಲ್ಲ, ಬಂದಂತೆಯೇ ಹೊಡೆಯುತ್ತಿದ್ದ. ಪಕ್ಕದಲ್ಲಿದ್ದ ಗೆಳೆಯನೊಬ್ಬ ನನ್ನ ತೋಳು ಹಿಡಿದು, ಚೆಂಡನ್ನು ನೋಡಬೇಡ, ಅವನ ಕಾಲನ್ನು ನೋಡು ಎಂದದ್ದು ಈಗಲೂ ನೆನಪಿದೆ. 1996ರಲ್ಲಿ ಲೀಗಿನಲ್ಲಿ ಗೋಲಿಗೆ ಅತಿ ಹೆಚ್ಚು ಪಾಸ್ ಒದಗಿಸಿದವನು ಎಚೆವೆರ್ರಿ. ಆದ್ದರಿಂದ ಬರೆಯುವಾಗ ಇಬ್ಬರ ಅಂಕಿಗಳನ್ನು ಒಂದೇ ಪುಟದಲ್ಲಿ ಎದುರುಬದುರಾಗಿ ಇಟ್ಟೆ.

ಎರಡು ಪ್ರಶಸ್ತಿಗಳ ಬಳಿಕ ಅವನನ್ನು ನ್ಯೂ ಇಂಗ್ಲೆಂಡ್ ರೆವಲ್ಯೂಷನ್ ತಂಡಕ್ಕೆ ಬಿಟ್ಟುಕೊಟ್ಟದ್ದು ಅಂದು ನಮ್ಮ ಅಡುಗೆಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಆಟ ಕುಂದಿದ್ದಕ್ಕೆ ಹೊರಹಾಕಿದರೆಂದೇ ನಾನು ಬರೆದಿಟ್ಟಿದ್ದೆ. ಆದರೆ ಆ ಲೀಗಿನಲ್ಲಿ ಆಟಗಾರರ ಒಪ್ಪಂದ ಕ್ಲಬ್ಬಿನೊಂದಿಗಲ್ಲ, ಲೀಗಿನೊಂದಿಗೇ ಆಗುತ್ತದೆ. ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಇರುತ್ತದೆ. ಗೆದ್ದ ತಂಡದಲ್ಲಿ ಎಲ್ಲರ ಬೆಲೆಯೂ ಏರುವುದರಿಂದ ಯಾರಾದರೂ ಹೊರಡಲೇಬೇಕಾಗುತ್ತದೆ. ಇದನ್ನು ತಿಳಿದ ಮೇಲೆ ಹಳೆಯ ವಾಕ್ಯವನ್ನು ಅಳಿಸಿದೆ. ಹೊಸ ತಂಡದಲ್ಲಿ ಅವನು ಮೊದಲ ವರ್ಷವೇ ಹೊಡೆದ 18 ಗೋಲುಗಳು ಅದಕ್ಕೆ ಸಾಕಷ್ಟು ಉತ್ತರವಾಗಿದ್ದವು. ಮುಂದೆ ಸ್ಯಾನ್ ಹೋಸೆ, ಟ್ಯಾಂಪಾ ಬೇ, ಕೊಲರಾಡೊ ಎಂದು ಊರುಗಳು ಬದಲಾದವು, ನನ್ನ ಬರವಣಿಗೆಯೂ ಅಲ್ಲಿ ತೆಳುವಾಗಿದೆ. ಲೀಗಿನಲ್ಲಿ ಅವನ ಒಟ್ಟು ಗೋಲುಗಳು 82.

ಮೂರನೆಯ ಕಾಲಮ್ಮನ್ನು ಕೊನೆಯಲ್ಲಿ ತುಂಬಿದೆ. ಸಾನ್ ಮಿಗೆಲ್‌ನಲ್ಲಿ 1970ರಲ್ಲಿ ಹುಟ್ಟಿ, ಉಸುಲುತಾನ್ ಊರಿನ ಲೂಯಿಸ್ ಆಂಖೆಲ್ ಫಿರ್ಪೊ ಕ್ಲಬ್ಬಿನಲ್ಲಿ ಹೆಸರು ಮಾಡಿದ ಅವನು ರಾಷ್ಟ್ರೀಯ ತಂಡಕ್ಕಾಗಿ ಹೊಡೆದ ಗೋಲುಗಳು 39. ಆ ದೇಶದಲ್ಲಿ ಅದನ್ನು ದಾಟಿದವರು ಬೇರೆ ಯಾರೂ ಇಲ್ಲ. ನನ್ನ ಹಳೆಯ ನೋಟ್‌ಪುಸ್ತಕದಲ್ಲಿ ಈ ಸಂಖ್ಯೆಗೆ ಜಾಗವೇ ಇರಲಿಲ್ಲ, ಏಕೆಂದರೆ ನಾನು ಆರ್‌ಎಫ್‌ಕೆಯ ಗ್ಯಾಲರಿಯಿಂದ ಕಂಡದ್ದನ್ನಷ್ಟೇ ಎಣಿಸಿದ್ದೆ. ಕನ್ನಡದ ಬರಹದಲ್ಲಿ ಆ 39ನ್ನು ಮೊದಲ ಸಾಲಿಗೇ ತಂದೆ.