ಆಸಿಲೋಸ್ಕೋಪ್ ನೋಡಿಕೊಂಡು ಕಾರಿನ ಆಂಪ್ಲಿಫೈಯರ್ ಗೇನ್ ಹೊಂದಿಸುವುದು

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ನನ್ನ ಕಾರಿಗೆ ಆಂಪ್ಲಿಫೈಯರ್ ಕೂರಿಸಿದ ಹುಡುಗ ಡಿಕ್ಕಿಯೊಳಗೆ ತಲೆ ತೂರಿಸಿ, ಹಾಡು ಹಾಕಿಕೊಂಡು ಸ್ಕ್ರೂಡ್ರೈವರಿನಿಂದ ಗೇನ್ ಏರಿಸುತ್ತಾ ಹೋಗಿ, ದನಿ ಒಡೆದಂತೆ ಕೇಳಿದಾಗ ಚೂರು ಹಿಂದಕ್ಕೆ ತಿರುಗಿಸಿ ‘ಆಯ್ತು ಸಾರ್’ ಎಂದಿದ್ದ. ಆರು ತಿಂಗಳಲ್ಲಿ ಸಬ್‌ವೂಫರಿನ ಕಾಯಿಲ್ ಸುಟ್ಟುಹೋಯಿತು. ಹುಡುಗನನ್ನು ದೂರಿ ಫಲವಿಲ್ಲ. ತಗ್ಗಿನ ಸ್ವರಗಳಲ್ಲಿ ಅಲೆ ಸಾಕಷ್ಟು ಕೆಟ್ಟಿದ್ದರೂ ಕಿವಿಗೆ ಅದು ಸುಲಭವಾಗಿ ತಿಳಿಯುವುದಿಲ್ಲ. ಅದಕ್ಕೇ ವೋಲ್ಟೇಜಿನ ಅಲೆಯನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ (ಸ್ಕೋಪ್) ಬೇಕು.

ಗೇನ್ ಎಂಬುದು ವಾಲ್ಯೂಮ್ ಅಲ್ಲ. ಸ್ಟೀರಿಯೊ 2 ವೋಲ್ಟ್ ಕೊಡಲಿ, 4 ವೋಲ್ಟ್ ಕೊಡಲಿ, ಅದಕ್ಕೆ ತಕ್ಕಂತೆ ಆಂಪ್ಲಿಫೈಯರ್ ತನ್ನ ಪೂರ್ಣ ಶಕ್ತಿಯನ್ನು ಮುಟ್ಟುವ ಹಾಗೆ ಹೊಂದಿಸುವ ತಿರುಪು ಅದು. ಮಿತಿ ಮೀರಿ ತಿರುಗಿಸಿದರೆ ಸೈನ್ ಅಲೆಯ (ದುಂಡಗೆ ಏರಿಳಿಯುವ ಶುದ್ಧ ಸ್ವರದ ಅಲೆಯ) ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಪೂರ್ತಿ ಚೌಕಾಕಾರಕ್ಕೆ ಬಂದ ಅಲೆಯಲ್ಲಿ ಅಷ್ಟೇ ಎತ್ತರದ ಸೈನ್ ಅಲೆಯ ಎರಡು ಪಟ್ಟು ಶಕ್ತಿ ಇರುತ್ತದೆ. ಕಾಯಿಲ್ ಸುಡುವುದು ಈ ಬಿಸಿಗೆ.

ಮೊದಲು ಲೆಕ್ಕ ಹಾಕಿಕೊಳ್ಳಿ. ಆಂಪ್ಲಿಫೈಯರಿನ ವ್ಯಾಟನ್ನು ಸ್ಪೀಕರಿನ ಓಮಿನಿಂದ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ಆರ್‌ಎಂಎಸ್ (ಏರಿಳಿಯುವ ಅಲೆಯ ಪರಿಣಾಮಕಾರಿ ಮಟ್ಟದ) ವೋಲ್ಟೇಜ್ ಸಿಗುತ್ತದೆ: 4 ಓಮಿಗೆ 100 ವ್ಯಾಟ್ ಎಂದರೆ 20 ವೋಲ್ಟ್. ಸ್ಕೋಪಿನ ಪರದೆಯಲ್ಲಿ ಇದು ಮೇಲಿನ ತುದಿಯಿಂದ ಕೆಳಗಿನ ತುದಿಗೆ ಸುಮಾರು 56.6 ವೋಲ್ಟ್, ಅಂದರೆ ಪರದೆಯ ಒಂದು ಮನೆಗೆ (ಚೌಕಕ್ಕೆ) 10 ವೋಲ್ಟ್ ಇಟ್ಟರೆ ಐದೂವರೆ ಮನೆಗಿಂತ ತುಸು ಹೆಚ್ಚು. ಪ್ರೋಬನ್ನು (ಸ್ಕೋಪಿನ ಅಳತೆ ಕಡ್ಡಿಯನ್ನು) 10ರ (10X) ಸ್ಥಾನದಲ್ಲಿಡಿ, ಸ್ಕೋಪಿನಲ್ಲೂ ಅದನ್ನೇ ಆರಿಸಿ. ದುಬಾರಿ ಸ್ಕೋಪ್ ಬೇಕಿಲ್ಲ. ಬ್ಯಾಟರಿಯಲ್ಲಿ ನಡೆಯುವ ಕೈಯಳತೆಯದೊಂದು ಸಾಕು, ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಬಹುದು.

ಬ್ಯಾಟರಿಯ ಸ್ಕೋಪೇ ಆಗಬೇಕೆಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಬ್ರಿಡ್ಜ್ ಮಾಡಿದ, ಅಂದರೆ ಎರಡು ಚಾನೆಲ್ಲುಗಳನ್ನು ಒಂದೇ ಸ್ಪೀಕರಿಗೆ ಕೂಡಿಸಿದ, ಆಂಪ್ಲಿಫೈಯರಿನಲ್ಲಿ ಸ್ಪೀಕರಿನ ಮೈನಸ್ ತಂತಿಯೂ ಗ್ರೌಂಡ್ ಆಗಿರುವುದಿಲ್ಲ. ಸ್ಕೋಪಿನ ಗ್ರೌಂಡ್ ಕ್ಲಿಪ್ಪನ್ನು ಅದಕ್ಕೆ ಕಚ್ಚಿಸಿದಾಗ ಆ ಕ್ಲಿಪ್ ಬೇರೆ ಯಾವ ದಾರಿಯಲ್ಲಾದರೂ ಕಾರಿನ ಬಾಡಿಗೆ ಸೇರಿದ್ದರೆ ಔಟ್‌ಪುಟ್ ನೇರವಾಗಿ ಶಾರ್ಟ್ ಆಗುತ್ತದೆ. ಹಾಗಾಗಿ ಅಳೆಯುವಾಗ ಸ್ಕೋಪನ್ನು ಕಾರಿನ ಯುಎಸ್‌ಬಿ ಚಾರ್ಜರಿಗೂ ಚುಚ್ಚಬಾರದು.

ಸ್ಪೀಕರ್ ತಂತಿಗಳನ್ನು ಬಿಚ್ಚಿ, ಗೇನನ್ನು ತಳಕ್ಕೆ ಇಳಿಸಿ, ಬಾಸ್ ಬೂಸ್ಟ್, ಲೌಡ್‌ನೆಸ್, ಈಕ್ವಲೈಜರ್ ಎಲ್ಲವನ್ನೂ ಆಫ್ ಮಾಡಿ. ಎಂಜಿನ್ ಚಾಲೂ ಇರಲಿ, ಏಕೆಂದರೆ ನಿಂತ ಕಾರಿನ 12.6 ವೋಲ್ಟಿಗೂ ಓಡುವ ಎಂಜಿನಿನ 14 ವೋಲ್ಟಿನ ಆಸುಪಾಸಿಗೂ ಅನೇಕ ಆಂಪ್ಲಿಫೈಯರುಗಳ ಔಟ್‌ಪುಟ್ ಬದಲಾಗುತ್ತದೆ. ಆದರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಈ ಕೆಲಸ ಬೇಡ, ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಪೆನ್‌ಡ್ರೈವಿನಲ್ಲಿ 0 ಡೆಸಿಬೆಲ್ ಮಟ್ಟದ (ಡಿಜಿಟಲ್ ಧ್ವನಿಯ ಗರಿಷ್ಠ ಮಟ್ಟದ) ಎರಡು ಸೈನ್ ಸ್ವರಗಳಿರಲಿ: ಸಬ್‌ವೂಫರಿಗೆ 40 ಹರ್ಟ್ಸ್, ಉಳಿದವಕ್ಕೆ 1,000 ಹರ್ಟ್ಸ್. ಕ್ರಾಸ್‌ಓವರ್ (ಸ್ವರಗಳನ್ನು ಸ್ಪೀಕರಿಗೆ ತಕ್ಕಂತೆ ಬೇರ್ಪಡಿಸುವ ಸೋಸುಕ) ಈ ಸ್ವರವನ್ನು ತಡೆಯುತ್ತಿಲ್ಲವೆಂದು ನೋಡಿಕೊಳ್ಳಿ.

ಮೊದಲ ಅಳತೆ ಸ್ಟೀರಿಯೊದ್ದು. ಸ್ಟೀರಿಯೊದ ಸಂಕೇತವನ್ನು ತರುವ, ಆಂಪ್ಲಿಫೈಯರಿನಿಂದ ಬಿಚ್ಚಿದ ಆರ್‌ಸಿಎ ತಂತಿಯ ನಡುವಿನ ಮೊಳೆಗೆ ಪ್ರೋಬ್, ಹೊರ ಬಳೆಗೆ ಕ್ಲಿಪ್. ವಾಲ್ಯೂಮನ್ನು ಒಂದೊಂದೇ ಅಂಕೆ ಏರಿಸುತ್ತಾ ಹೋಗಿ. ನನ್ನದರಲ್ಲಿ 40ಕ್ಕೆ 35ರಲ್ಲಿ ನೆತ್ತಿ ತುಸು ಬೋಳಾಯಿತು, 33ರಲ್ಲಿ ಮತ್ತೆ ದುಂಡಗಾಯಿತು. ಆ 33ನ್ನೇ ಗುರುತಿಟ್ಟುಕೊಂಡೆ. ತಂತಿಯನ್ನು ಮರಳಿ ಜೋಡಿಸಿ, ವಾಲ್ಯೂಮನ್ನು ಅಲ್ಲೇ ಬಿಟ್ಟು, ಪ್ರೋಬನ್ನು ಆಂಪ್ಲಿಫೈಯರಿನ ಔಟ್‌ಪುಟ್ಟಿಗೆ ಸಾಗಿಸಿ, ಗೇನನ್ನು ನಿಧಾನವಾಗಿ ಏರಿಸಿ. ಲೆಕ್ಕದ ವೋಲ್ಟೇಜ್ ಮುಟ್ಟಿದಲ್ಲಿ ನಿಲ್ಲಿ; ಅದಕ್ಕೂ ಮೊದಲೇ ನೆತ್ತಿ ಚಪ್ಪಟೆಯಾದರೆ ಅದು ದುಂಡಗಾಗುವವರೆಗೆ ಹಿಂದೆ ಬನ್ನಿ. ಅಲೆ ಇನ್ನೂ ದುಂಡಗಿದೆಯಲ್ಲಾ ಎಂದು ಲೆಕ್ಕ ದಾಟಿ ಹೋಗಬೇಡಿ, ಏಕೆಂದರೆ ಸ್ಪೀಕರಿನ ಭಾರ ಬಿದ್ದ ಮೇಲೆ ಅದೇ ಅಲೆ ಬೇಗ ಚಪ್ಪಟೆಯಾಗುತ್ತದೆ. ಅತಿ ವೇಗದ ಸ್ವಿಚಿಂಗಿನಿಂದ ನಡೆಯುವ ಕ್ಲಾಸ್ ಡಿ ಆಂಪ್ಲಿಫೈಯರಾದರೆ ಗೆರೆ ನವಿರು ಕೂದಲು ಎದ್ದಂತೆ ದಪ್ಪಗೆ ಕಾಣುತ್ತದೆ. ಅದು ಸ್ವಿಚಿಂಗಿನ ಗದ್ದಲವೇ ಹೊರತು ಕ್ಲಿಪ್ಪಿಂಗ್, ಅಂದರೆ ನೆತ್ತಿ ಕತ್ತರಿಸಿಹೋಗುವುದು, ಅಲ್ಲ.

ಸ್ಪೀಕರುಗಳನ್ನು ಮರಳಿ ಜೋಡಿಸುವ ಮುನ್ನ ಸ್ವರವನ್ನು ನಿಲ್ಲಿಸಿ, ಸ್ಟೀರಿಯೊ ಆಫ್ ಮಾಡಿ, ವಾಲ್ಯೂಮನ್ನು ತಳಕ್ಕೆ ತನ್ನಿ.