ಹಕ್ಕಲಿನಲ್ಲಿ ಮರಳಿ ಕಾಡು ಬೆಳೆಸಲು ಹಣ ಹೊಂದಿಸುವುದು ಹೇಗೆ?

ಶಿರಸಿ, ಸಿದ್ದಾಪುರ ಸೀಮೆಯಲ್ಲಿ ಆಳು ಸಿಗದೆ ಪಾಳುಬಿದ್ದ ಗದ್ದೆಯೋ, ಗೇರು ಮುದಿಯಾಗಿ ಕೈಬಿಟ್ಟ ಹಕ್ಕಲೋ (ಗುಡ್ಡದ ಒಣ ಜಮೀನು) ಇಲ್ಲದ ಊರು ಈಗ ಅಪರೂಪ. ಅಂಥ ಒಂದೆರಡು ಎಕರೆಯನ್ನು ಮಂಗಟ್ಟೆ ಹಕ್ಕಿ, ಸಿಂಗಳೀಕಗಳಿಗೆ ಆಸರೆಯಾಗುವಂತೆ ಮತ್ತೆ ಕಾಡಾಗಿ ಬೆಳೆಸಬೇಕೆಂದು ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೊದಲು ಕೇಳುವುದು, ಇದಕ್ಕೆ ಎಲ್ಲಿಂದಾದರೂ ಹಣ ಸಿಗುತ್ತದೆಯೇ ಎಂದು. ಸಿಗುತ್ತದೆ. ಆದರೆ ‘ವನ್ಯಜೀವಿಗಳಿಗಾಗಿ’ ಎಂದು ಒಂದೇ ಅರ್ಜಿ ಬರೆದುಕೊಂಡು ಹೋದರೆ ಅದನ್ನು ಯಾವ ಮೇಜಿನಲ್ಲಿ ಇಡಬೇಕೆಂಬುದೇ ತಿಳಿಯುವುದಿಲ್ಲ. ಸಸಿ, ಗುಂಡಿ, ನೀರಿಂಗಿಸುವಿಕೆ, ಕಾವಲು ಎಂದು ಕೆಲಸವನ್ನು ಬಿಡಿಬಿಡಿಯಾಗಿ ವಿಂಗಡಿಸಿ, ಯಾವುದಕ್ಕೆ ಯಾವ ಯೋಜನೆ ಹೊಂದುತ್ತದೆ, ಯಾವುದಕ್ಕೆ ಸ್ವಂತ ಹಣವನ್ನೇ ಹಾಕಬೇಕು ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು.

ಮೊದಲು ಪಹಣಿ ತೆಗೆಸಿ ನೋಡಿ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿಕೊಳ್ಳಬೇಕು. ಜಂಟಿ ಖಾತೆಯಾಗಿದ್ದರೆ ಉಳಿದ ಹಿಸ್ಸೆದಾರರ ಲಿಖಿತ ಒಪ್ಪಿಗೆ ಪಡೆದಿಟ್ಟುಕೊಳ್ಳುವುದು ಕ್ಷೇಮ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇನ್ನೊಂದು ವಿಷಯವನ್ನೂ ಗಮನಿಸಬೇಕಾಗುತ್ತದೆ. ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬಿಟ್ಟುಕೊಟ್ಟಿರುವ ಸೊಪ್ಪಿನ ಬೆಟ್ಟವನ್ನು ತಲೆಮಾರುಗಳಿಂದ ನಾವೇ ನೋಡಿಕೊಳ್ಳುತ್ತ ಬಂದಿದ್ದರೂ ಅದು ಸ್ವಂತ ಜಮೀನಲ್ಲ. ಅಲ್ಲಿ ನಮಗಿರುವುದು ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಸೌಲಭ್ಯ ಮಾತ್ರ. ಬೆಟ್ಟದಲ್ಲಿ ಗಿಡ ನೆಡುವುದಾದರೆ ಅರಣ್ಯ ಇಲಾಖೆಯ ಜೊತೆಗೂಡಿಯೇ ನೆಡಬೇಕು. ಮುಂದೆ ಹೇಳುವ ಪ್ರೋತ್ಸಾಹಧನಕ್ಕೆ ಬೆಟ್ಟದ ಸರ್ವೆ ನಂಬರು ಬರೆದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ.

ಎರಡನೆಯದಾಗಿ, ಹಣದ ಲೆಕ್ಕಕ್ಕೆ ಮುಂಚೆ ಒಂದು ಮಳೆಗಾಲ ನೆಲವನ್ನು ಸುಮ್ಮನೆ ನೋಡಬೇಕು. ಪಕ್ಕದಲ್ಲಿ ಕಾಡಿದ್ದರೆ ಹಕ್ಕಿಗಳು ಹಾಕಿದ ಬೀಜದಿಂದ ನೇರಳೆ, ಮುರುಗಲು ತಾವಾಗಿಯೇ ಎದ್ದಿರುತ್ತವೆ. ಅಂಥ ಕಡೆ ಬೆಂಕಿ ಮತ್ತು ದನಗಳನ್ನು ತಡೆದರೆ ಸಾಕು, ಸಸಿಯ ಖರ್ಚು ಅರ್ಧ ಉಳಿಯುತ್ತದೆ. ಸಿಂಗಳೀಕ ನೆಲಕ್ಕಿಳಿಯುವುದು ಕಡಿಮೆ. ಕೊಂಬೆಗೆ ಕೊಂಬೆ ತಾಗಿಕೊಂಡಿರುವ ಮರಗಳ ಸಾಲು ಅದಕ್ಕೆ ದಾರಿ. ಮಂಗಟ್ಟೆಗೆ ಅತ್ತಿ, ಬಸರಿ, ಆಲದಂಥ ಹಣ್ಣಿನ ಮರಗಳ ಜೊತೆಗೆ ಗೂಡಿಗಾಗಿ ಪೊಟರೆಯಿರುವ ಹಳೆಯ ಮರ ಬೇಕು, ಆದ್ದರಿಂದ ಹಕ್ಕಲಿನ ಅಂಚಿನ ಮುದಿ ಮರವನ್ನು ಕಡಿಯದಿರುವುದೇ ದೊಡ್ಡ ಕೆಲಸ. ಕಣಿವೆಯ ತಲೆಯಲ್ಲಿ ವರ್ಷವಿಡೀ ತೇವವಿರುವ ಪಾಳುಗದ್ದೆಗೆ ರಾಮಪತ್ರೆಯ ಜಾತಿಯ ಮರಗಳು ಹೊಂದುತ್ತವೆ. ಸಿದ್ದಾಪುರದ ಕತ್ತಲೆಕಾನಿನಲ್ಲಿ ಅಂಥ ಜೌಗು ಕಾಡು ಇನ್ನೂ ಉಳಿದಿದೆ. 2011ರಲ್ಲಿ ಘೋಷಣೆಯಾದ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶದ ಸುತ್ತಮುತ್ತ ಜಮೀನಿರುವವರು ಈ ದಿಕ್ಕಿನಲ್ಲಿ ಯೋಚಿಸಿದರೆ, ನಾಲ್ಕಾರು ಎಕರೆಯೂ ಎರಡು ಕಾಡುತುಂಡುಗಳ ನಡುವೆ ಸೇತುವಾಗಬಹುದು.

ಹಣದ ಮುಖ್ಯ ಮೂಲ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. 2011-12ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಕೊಟ್ಟು ನೋಂದಾಯಿಸಿಕೊಂಡರೆ, ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯಿತಿ ದರದಲ್ಲಿ ಸಸಿ ಸಿಗುತ್ತದೆ. ಬದುಕುಳಿದ ಪ್ರತಿ ಸಸಿಗೆ ಮೊದಲ ವರ್ಷದ ಕೊನೆಗೆ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಒಟ್ಟು 125 ರೂಪಾಯಿ ಎಂಬುದು ಪರಿಷ್ಕೃತ ದರ. ಹೆಕ್ಟೇರಿಗೆ 400 ಸಸಿಗಳ ಮಿತಿಯಿದೆ. ಎಂದರೆ ಎಕರೆಗೆ ಸುಮಾರು 160 ಸಸಿ ನೆಟ್ಟು, 120 ಉಳಿಸಿಕೊಂಡವರಿಗೆ ಕ್ರಮವಾಗಿ 4,200, 4,800, 6,000 ರೂಪಾಯಿಯಂತೆ ಮೂರು ವರ್ಷಗಳಲ್ಲಿ 15,000 ರೂಪಾಯಿ ಬರುತ್ತದೆ. ಅಕೇಶಿಯಾ, ನೀಲಗಿರಿ, ಸಿಲ್ವರ್ ಓಕ್, ಗಾಳಿ, ರಬ್ಬರ್, ಅಡಿಕೆ, ತೆಂಗುಗಳಿಗೆ ಈ ಪ್ರೋತ್ಸಾಹಧನವಿಲ್ಲ. ಕಾಡಿನ ಜಾತಿಗಳನ್ನೇ ನೆಡಲು ಹೊರಟವರಿಗೆ ಇದರಿಂದ ನಷ್ಟವೇನೂ ಇಲ್ಲ.

ಹಣ ಬರುವುದು ನೆಟ್ಟದ್ದಕ್ಕಲ್ಲ, ಎಣಿಕೆಗೆ ಸಿಕ್ಕಿದ್ದಕ್ಕೆ. ನಾವು ಮೊದಲ ವರ್ಷ ನೆಟ್ಟ ಹಕ್ಕಲಿನಲ್ಲಿ ಮಳೆ ಮುಗಿಯುವ ಹೊತ್ತಿಗೆ ಕಮ್ಯುನಿಸ್ಟ್ ಗಿಡವೆಂಬ ಕಳೆ ಎದೆಯೆತ್ತರ ಬೆಳೆದು, ಜೀವವಿದ್ದ ಎಷ್ಟೋ ಸಸಿಗಳು ಎಣಿಸಲು ಬಂದವರ ಕಣ್ಣಿಗೇ ಬೀಳಲಿಲ್ಲ. ಮರುವರ್ಷ ಅಡಿಕೆ ದಬ್ಬೆಯನ್ನು (ಅಡಿಕೆ ಮರದ ಸೀಳು) ಮೂರಡಿಯ ತುಂಡುಗಳಾಗಿ ಸೀಳಿ, ತುದಿಯನ್ನು ಸುಣ್ಣದಲ್ಲಿ ಅದ್ದಿ, ಸಸಿಯ ಬಡ್ಡೆಗೊಂದರಂತೆ ಊರಿ, ಸುತ್ತ ಒಂದು ಮಾರು ಸವರಿಟ್ಟೆವು; ಬಿಳಿ ತುದಿಗಳನ್ನು ಹಿಡಿದು ಸಾಲು ಸಾಲಾಗಿ ನಡೆದರೆ ಎಣಿಕೆ ಒಂದೇ ಗಂಟೆಯಲ್ಲಿ ಮುಗಿಯಿತು. ಸಸಿ ಪಡೆದ ರಸೀದಿಯನ್ನೂ ನೆಟ್ಟ ಜಾತಿಗಳ ಪಟ್ಟಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.

ಗುಂಡಿ ಮತ್ತು ಇಂಗುಗುಂಡಿಯ ಕೂಲಿಗೆ ಗ್ರಾಮ ಪಂಚಾಯಿತಿಯನ್ನು ಕೇಳಬಹುದು. ಸಣ್ಣ ಹಿಡುವಳಿದಾರರ ವೈಯಕ್ತಿಕ ಕಾಮಗಾರಿಗಳು ಉದ್ಯೋಗ ಖಾತ್ರಿಯ ಕ್ರಿಯಾಯೋಜನೆಯಲ್ಲಿ ಸೇರಿದರೆ ಮಾತ್ರ ಹಣ ಬಿಡುಗಡೆಯಾಗುವುದರಿಂದ, ಗ್ರಾಮಸಭೆಯಲ್ಲಿಯೇ ಹೆಸರು ಬರೆಸಬೇಕು. ನಿಯಮಗಳು ಬದಲಾಗುತ್ತಿರುತ್ತವೆ, ಆಯಾ ವರ್ಷದ ಪಟ್ಟಿಯನ್ನು ನೋಡಿಯೇ ಮುಂದುವರಿಯಿರಿ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಒಬ್ಬೊಬ್ಬ ರೈತನಿಗೆ ನೇರವಾಗಿ ಬರುವುದು ಕಷ್ಟ. 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಸಸ್ಯ ಮತ್ತು ಪ್ರಾಣಿ ಸಂರಕ್ಷಣೆಯೂ ಕೃಷಿ ಅರಣ್ಯವೂ ಸೇರಿವೆಯಾದರೂ, ಹಣ ಪಡೆಯುವ ಸಂಸ್ಥೆಗೆ ಆದಾಯ ತೆರಿಗೆ ವಿನಾಯಿತಿಯ 12ಎ, 80ಜಿ ನೋಂದಣಿ ಮತ್ತು ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಇರಬೇಕಾಗುತ್ತದೆ. ಹೊಳೆಯ ಒಂದೇ ದಂಡೆಯ ಎಂಟು ಹತ್ತು ಮನೆಗಳು ಸೇರಿ, ಇಂಥ ನೋಂದಣಿಯಿರುವ ಸಂಸ್ಥೆಯ ಮೂಲಕ ಒಂದೇ ನಕ್ಷೆ, ಒಂದೇ ಅಂದಾಜುಪಟ್ಟಿ ಮಾಡಿ ಕೇಳುವುದು ಒಳ್ಳೆಯದು. ಕಾರ್ಬನ್ ಹೆಸರಿನಲ್ಲಿ ಬರುವ ದೀರ್ಘಾವಧಿಯ ಕರಾರುಗಳಿಗೆ, ಎಷ್ಟು ವರ್ಷ ಜಮೀನು ಕಟ್ಟಿಬೀಳುತ್ತದೆ ಎಂಬುದನ್ನು ಓದಿಸಿಕೊಳ್ಳದೆ ಸಹಿ ಹಾಕಬೇಡಿ.

ಕುಮಟಾ, ಕಾರವಾರದ ಗಜನಿ (ಅಳಿವೆಯಂಚಿನ ಉಪ್ಪುನೀರಿನ ಗದ್ದೆ) ಜಮೀನಿನ ವಿಚಾರ ಬೇರೆ. ಅಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಬೇರೂರಿದರೆ ಕರಾವಳಿ ನಿಯಂತ್ರಣ ವಲಯದ ನಿಯಮಗಳ ರಕ್ಷಣೆ ಅದಕ್ಕೆ ದೊರೆಯುವುದರಿಂದ ಮತ್ತೆ ಕಗ್ಗ ಭತ್ತ ಬಿತ್ತುವ ಆಲೋಚನೆ ಇರುವವರು ಗದ್ದೆಯ ಒಳಗೆ ನೆಡದೆ, ಅಂಚಿನ ಕಟ್ಟೆಯ ಹೊರಮಗ್ಗುಲನ್ನಷ್ಟೇ ಅದಕ್ಕೆ ಬಿಡುವುದು ಸೂಕ್ತ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ತಾಣವಾಗಿರುವುದನ್ನು ಈ ಭಾಗದವರು ತಮ್ಮ ಅರ್ಜಿಯಲ್ಲಿ ಉಲ್ಲೇಖಿಸಬೇಕು.

ಇನ್ನು ಸ್ವಂತ ಹಣ. ಎರಡನೆಯ ಮತ್ತು ಮೂರನೆಯ ವರ್ಷದ ಕಳೆ ಸವರುವಿಕೆ, ಬೇಸಿಗೆಗೆ ಮುಂಚಿನ ಬೆಂಕಿರೇಖೆ, ಬೇಲಿ ರಿಪೇರಿ ಇವಕ್ಕೆ ಕೈಯಿಂದಲೇ ಹಾಕಬೇಕಾಗುವುದು ಹೆಚ್ಚು. ಮೊದಲ ವರ್ಷದ ಪ್ರೋತ್ಸಾಹಧನವನ್ನು ಇದಕ್ಕೆಂದೇ ಎತ್ತಿಡಿ. ಸಸ್ಯಕ್ಷೇತ್ರದಲ್ಲಿ ಬೇಡಿಕೆಯಿರುವ ಜಾತಿಗಳನ್ನೇ ಹೆಚ್ಚಾಗಿ ಬೆಳೆಸುವುದರಿಂದ, ನಿಮಗೆ ಬೇಕಾದ ಜಾತಿಗಳ ಪಟ್ಟಿಯನ್ನು ಒಂದು ವರ್ಷ ಮೊದಲೇ ಕೊಡಬೇಕು. ಉಪ್ಪಾಗೆಯ ಬೀಜ ಮೊಳೆಯಲು ತಿಂಗಳುಗಳೇ ಹಿಡಿಯುತ್ತವೆ. ಮುಂದಿನ ಜೂನಿನಲ್ಲಿ ಸಸಿ ಬೇಕೆಂದಿದ್ದರೆ ಈ ಮಳೆಗಾಲದಲ್ಲಿ ಅದರ ಹಣ್ಣಿನ ಸಿಪ್ಪೆ ಸುಲಿಯುವಾಗಲೇ ಬೀಜ ತೆಗೆದಿಟ್ಟು, ತೊಳೆದು, ನೆರಳಿನಲ್ಲಿ ಮರಳಿಗೆ ಹಾಕಿಡಿ.