ನಿವೃತ್ತಿಗೆ ಹನ್ನೊಂದು ವರ್ಷ ಮೊದಲೇ ಸಭೆಯ ಸೇವೆ ಬಿಟ್ಟೆ

ನಮ್ಮ ಕಡೆ ಅಯ್ಯನವರು, ಅಂದರೆ ಸಭೆಯ ಪಾಸ್ಟರು, ಮನೆಗೆ ಬಂದರೆ ಮೊದಲು ಕೈಗೆ ಕೊಡುವುದು ಒಂದು ಚೊಂಬು ನೀರು. ಆಮೇಲೆ ಚಹಾ. ಮಾನ್ವಿ ತಾಲೂಕಿನ ಹಳ್ಳಿಗಳಲ್ಲಿ ಏಪ್ರಿಲ್ ಬಿಸಿಲಿಗೆ ಬೈಕ್ ಮೇಲೆ ಬಂದವನು ನೀರು ಕುಡಿಯದೆ ಬೈಬಲ್ ತೆರೆಯಲು ಯಾರೂ ಬಿಡುವುದಿಲ್ಲ. ಬೇಡ ಅಂದರೆ ಮುಖ ಸಣ್ಣದಾಗುತ್ತದೆ. ಅದಕ್ಕೆ ಕಾರಣವೂ ಇದೆ. ನಮ್ಮ ಸಭೆಯಲ್ಲಿ ಎಷ್ಟೋ ಮಂದಿಯ ಅಜ್ಜ, ಮುತ್ತಜ್ಜರ ಮನೆಯ ನೀರನ್ನು ಊರಿನವರು ಮುಟ್ಟುತ್ತಿರಲಿಲ್ಲ. ಅಂಥ ಮನೆಯಲ್ಲಿ ಕೂತು ನೀರು ಬೇಡ ಅಂದರೆ ಅದಕ್ಕೆ ಬೇರೆಯದೇ ಅರ್ಥ ಬರುತ್ತದೆ.

ಹಾಗಾಗಿ ಕಿಡ್ನಿ ಡಾಕ್ಟರು ದಿನಕ್ಕೆ ಒಂದು ಲೀಟರ್ ಮಾತ್ರ, ಅದರಲ್ಲೇ ಚಹಾ, ಸಾರು, ಮಜ್ಜಿಗೆ ಎಲ್ಲ ಸೇರಬೇಕು ಅಂದ ಮೇಲೂ ನಾನು ಆರು ತಿಂಗಳು ಎಲ್ಲರ ಮನೆಯಲ್ಲೂ ಕುಡಿದೆ. ಕಾಯಿಲೆ ಇದೆ ಅಂತ ಯಾರಿಗೂ ಹೇಳಿರಲಿಲ್ಲ. ಸಂಜೆ ಮನೆಗೆ ಬಂದರೆ ಚಪ್ಪಲಿ ಕಾಲಿಗೆ ಹೊಂದುತ್ತಿರಲಿಲ್ಲ. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಎರಡು ದಿಂಬು, ಆಮೇಲೆ ಮೂರು ದಿಂಬು. ಕೊನೆಗೆ ಕುರ್ಚಿಯಲ್ಲೇ ಕೂತು ನಿದ್ದೆ.

ಈ ಅನುಭವ ಬರೆಯುತ್ತಿರುವುದು ನನ್ನ ಹಾಗೆ ಕಾಯಿಲೆ ಮುಚ್ಚಿಟ್ಟುಕೊಂಡು ಸೇವೆ ಮಾಡುತ್ತಿರುವ ಪಾಸ್ಟರುಗಳಿಗಾಗಿ. ಅಂಥವರು ಇದ್ದಾರೆ. ನನಗೆ ಫೋನ್ ಮಾಡುತ್ತಾರೆ.

ಸಕ್ಕರೆ ಕಾಯಿಲೆ ನನಗೆ ಮೂವತ್ತೆರಡರಲ್ಲೇ ಬಂತು. 2018ರಲ್ಲಿ ಮೊದಲ ಸಲ ಕ್ರಿಯಾಟಿನಿನ್, ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹಾಕಬೇಕಾದ ಕಸ, 2.1 ಬಂತು. 1.3ರ ಒಳಗೆ ಇರಬೇಕಾದದ್ದು. ಮೂರು ವರ್ಷ ಮಾತ್ರೆ, ಪಥ್ಯ. 2021ರಲ್ಲಿ ಎಡಗೈಗೆ ಸಣ್ಣ ಆಪರೇಷನ್ ಮಾಡಿ ಫಿಸ್ಟುಲಾ ಹಾಕಿದರು. ಅಂದರೆ ಅಪಧಮನಿಯನ್ನು ಪಕ್ಕದ ರಕ್ತನಾಳಕ್ಕೆ ಜೋಡಿಸುವುದು. ಆ ನಾಳ ದಪ್ಪವಾಗಿ ಸೂಜಿ ಹಾಕಲು ಬರಬೇಕಾದರೆ ಆರೆಂಟು ವಾರ ಬೇಕು. ಆಮೇಲೆ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ರಾಯಚೂರಿಗೆ ಬಸ್ಸಿನಲ್ಲಿ ಹೋಗಿ ಬರುವುದೂ ಸೇರಿ ಒಂದು ದಿನ ಪೂರ್ತಿ ಹೋಗುತ್ತಿತ್ತು.

ಆ ಕೈಯನ್ನು ಕಿವಿಗೆ ಹಿಡಿದರೆ ಗುಂಯ್ ಅನ್ನುವ ಸದ್ದು ಕೇಳಿಸುತ್ತದೆ. ಬೆರಳಿಟ್ಟರೆ ಬೆಕ್ಕು ಗುರುಗುಟ್ಟಿದ ಹಾಗೆ ಅದುರುತ್ತದೆ. ದಿನಾ ಬೆಳಿಗ್ಗೆ ಮುಟ್ಟಿ ನೋಡಬೇಕು. ಅದುರುವುದು ನಿಂತರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಆ ಕೈಯಲ್ಲಿ ಬಿಪಿ ನೋಡಿಸಬಾರದು, ರಕ್ತ ತೆಗೆಸಬಾರದು, ಭಾರ ಎತ್ತಬಾರದು, ಅದರ ಮೇಲೆ ಏನೂ ಒತ್ತಬಾರದು.

ಒತ್ತಬಾರದು ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಒಂದು ದೀಕ್ಷಾಸ್ನಾನದ ದಿನ. ಮಗುವನ್ನು ಎಡಗೈಯಲ್ಲಿ ಮಲಗಿಸಿಕೊಂಡು ಬಲಗೈಯಿಂದ ತಲೆಗೆ ನೀರು ಹಾಕುವುದು ನನ್ನ ರೂಢಿ. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಮಕ್ಕಳೋ, ಲೆಕ್ಕವಿಲ್ಲ. ಮಗುವಿನ ತಲೆ ಬಂದು ಕೂರುವುದು ಸರಿಯಾಗಿ ಮೊಣಕೈ ಹತ್ತಿರ, ಫಿಸ್ಟುಲಾ ಇರುವ ಜಾಗದಲ್ಲಿ. ತಾಯಿ ಮಗುವನ್ನು ಮುಂದೆ ಚಾಚಿದಳು. ನಾನು ಕೈ ಚಾಚಲಿಲ್ಲ. ಎರಡು ಕ್ಷಣ ಹಾಗೇ ನಿಂತೆ. ಅವಳ ಮುಖದಲ್ಲಿ ಗಾಬರಿ ಬಂತು, ಮಗುವಿನಲ್ಲಿ ಏನೋ ದೋಷ ಕಂಡರೇನೋ ಅನ್ನುವ ಹಾಗೆ. ಆಮೇಲೆ ಅಜ್ಜಿಗೆ ಹೇಳಿದೆ, ನೀವೇ ಎತ್ತಿಕೊಳ್ಳಿ ಅಮ್ಮಾ. ಅವರು ಎತ್ತಿಕೊಂಡರು, ನಾನು ನೀರು ಹಾಕಿದೆ, ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿದೆ. ಸಂಸ್ಕಾರಕ್ಕೇನೂ ಕೊರತೆಯಾಗಲಿಲ್ಲ. ಆದರೆ ಆ ತಾಯಿಯ ಗಾಬರಿ ನಾನು ಮುಚ್ಚಿಟ್ಟದ್ದರಿಂದ ಬಂದದ್ದು. ಒಂದು ವಾರ ಮೊದಲೇ ಮನೆಗೆ ಹೋಗಿ ಹೇಳಿದ್ದರೆ ಆ ಎರಡು ಕ್ಷಣ ಅವಳಿಗೆ ಬರುತ್ತಲೇ ಇರಲಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಭಾನುವಾರದ್ದು. ಡಯಾಲಿಸಿಸ್ ಮಾಡುವ ಕಡೆ ಎರಡು ಸಾಲು ಇರುತ್ತವೆ. ಸೋಮ, ಬುಧ, ಶುಕ್ರ ಒಂದು. ಮಂಗಳ, ಗುರು, ಶನಿ ಇನ್ನೊಂದು. ನನಗೆ ಮೊದಲು ಸಿಕ್ಕಿದ್ದು ಎರಡನೆಯದು. ಶನಿವಾರ ಸಂಜೆ ಮನೆಗೆ ಬಂದರೆ ಹಿಂಡಿ ಒಣಗಿಸಿದ ಬಟ್ಟೆ ಥರ ಆಗಿರುತ್ತಿದ್ದೆ. ಭಾನುವಾರ ಬೆಳಿಗ್ಗೆ ಎದ್ದರೆ ತಲೆ ತಿರುಗುತ್ತಿತ್ತು, ಕಾಲು ಹಿಡಿದುಕೊಳ್ಳುತ್ತಿತ್ತು. ಕೇಳಿಕೊಂಡು ಮೊದಲನೆಯ ಸಾಲಿಗೆ ಬದಲಾಯಿಸಿಕೊಂಡೆ. ಆಗ ಶುಕ್ರವಾರದಿಂದ ಸೋಮವಾರದವರೆಗೆ ದೊಡ್ಡ ಅಂತರ. ಭಾನುವಾರಕ್ಕೆ ಮೈಯಲ್ಲಿ ನೀರು ತುಂಬಿ, ಪ್ರಸಂಗದ ನಡುವೆ ಒಂದು ವಾಕ್ಯಕ್ಕೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. ಹೇಗೆ ತಿರುಗಿಸಿದರೂ ಕೆಟ್ಟ ದಿನ ಭಾನುವಾರವೇ. ಎರಡು ಊರಲ್ಲಿ ಆರಾಧನೆ ನಡೆಸುತ್ತಿದ್ದವನು ಒಂದಕ್ಕೆ ಇಳಿದೆ. ಇನ್ನೊಂದು ಊರಿನ ಸಭೆಯವರು ಹಾಡು ಹಾಡಿ, ಪ್ರಾರ್ಥನೆ ಮಾಡಿ, ಕಾನಿಕೆ ಎತ್ತಿ ಮನೆಗೆ ಹೋಗುತ್ತಿದ್ದರು. ಕರ್ತನ ಭೋಜನ, ಅಂದರೆ ಪಾಸ್ಟರ್ ಕೊಡುವ ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ, ಇಲ್ಲದೆ ಐದು ತಿಂಗಳು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಇನ್ನೂ ಬೇಗ ನಿರ್ಧಾರ ಮಾಡುತ್ತಿದ್ದೆನೋ ಏನೋ.

ನಂಬಿಕೆಯ ಪ್ರಶ್ನೆಯನ್ನೂ ಹೇಳಲೇಬೇಕು. ವಿಷಯ ಹೊರಬಿದ್ದ ಮೇಲೆ ಒಬ್ಬ ಬೋಧಕರು ಮನೆಗೆ ಬಂದು ಪ್ರಾರ್ಥನೆ ಮಾಡಿದರು. ಹೊರಡುವಾಗ, ಪಾಸ್ಟರೇ, ಎಲ್ಲೋ ಒಂದು ಪಾಪ ಉಳಿದುಕೊಂಡಿದೆ, ಅದನ್ನು ಹುಡುಕಿ ಅಂದರು. ನನ್ನ ಹೆಂಡತಿ ಬಾಗಿಲ ಹತ್ತಿರವೇ ನಿಂತಿದ್ದಳು. ಅವಳ ಮುಂದೆ ಅಂದದ್ದು ನನಗೆ ತುಂಬ ನೋವಾಯಿತು. ಆ ರಾತ್ರಿ ಬೈಬಲಿನಲ್ಲಿ, ಆದಿ ಸಭೆಯ ಬೋಧಕ ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರ ತೆಗೆದು ಕೂತೆ. ಕೊನೆಯ ಅಧ್ಯಾಯದ ಇಪ್ಪತ್ತನೇ ವಚನ. ತ್ರೊಫಿಮನಿಗೆ ಹುಷಾರಿಲ್ಲದ್ದರಿಂದ ಅವನನ್ನು ಮಿಲೇತದಲ್ಲಿ ಬಿಟ್ಟು ಬಂದೆ ಅಂತ ಪೌಲನು ಬರೆಯುತ್ತಾನೆ. ಎಷ್ಟೋ ಜನರನ್ನು ವಾಸಿ ಮಾಡಿದ ಪೌಲ. ತನ್ನ ಜೊತೆಗಾರನನ್ನೇ ಕಾಯಿಲೆಯಲ್ಲಿ ಬಿಟ್ಟು ಬಂದಿದ್ದಾನೆ. ತ್ರೊಫಿಮನ ಪಾಪದ ಬಗ್ಗೆ ಒಂದು ಮಾತೂ ಇಲ್ಲ, ಅವನ ನಂಬಿಕೆ ಕಡಿಮೆಯಾಗಿತ್ತು ಅಂತಲೂ ಇಲ್ಲ. ಸುಮ್ನೆ ಹುಷಾರಿರಲಿಲ್ಲ, ಅಷ್ಟೇ. ಆ ಒಂದು ಸಾಲು ನನ್ನನ್ನು ಎಷ್ಟು ಹಿಡಿದು ನಿಲ್ಲಿಸಿತು ಅಂತ ಹೇಳಲಾರೆ.

ಇನ್ನೊಂದು ವಾಕ್ಯ ಸಿಕ್ಕಿದ್ದು ಬೈಬಲಿನ ಅರಣ್ಯಕಾಂಡದ ಎಂಟನೇ ಅಧ್ಯಾಯದಲ್ಲಿ. ಲೇವಿಯರು, ಅಂದರೆ ದೇವಗುಡಾರದ ಸೇವೆಗೆ ನೇಮಿಸಿದ ಕುಲದವರು, ಇಪ್ಪತ್ತೈದು ವರ್ಷಕ್ಕೆ ಸೇವೆಗೆ ಸೇರಬೇಕು, ಐವತ್ತಕ್ಕೆ ಬಿಡಬೇಕು. ಬಿಟ್ಟ ಮೇಲೆ ತಮ್ಮ ಸಹೋದರರಿಗೆ ಸಹಾಯ ಮಾಡಬಹುದು, ಆದರೆ ಆ ಕೆಲಸವನ್ನು ತಾವೇ ಮಾಡಬಾರದು. ಅಷ್ಟು ವರ್ಷ ಓದಿದ್ದರೂ ನನಗಿದು ಕಣ್ಣಿಗೆ ಬಿದ್ದಿರಲಿಲ್ಲ. ದೇವಗುಡಾರದ ಸಾಮಾನು ಹೊತ್ತು ನಡೆಯುವುದು ಭಾರದ ಕೆಲಸ. ಮೈಗೆ ಒಂದು ಮಿತಿ ಇದೆ ಅಂತ ದೇವರೇ ಲೆಕ್ಕ ಇಟ್ಟಿದ್ದಾನೆ. ನನಗೆ ಆಗ ಐವತ್ನಾಲ್ಕು. 2013ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಅವರು ಈ ಕೆಲಸಕ್ಕೆ ನನ್ನ ಶಕ್ತಿ ಸಾಲದು ಅಂತ ಹೇಳಿ ಇಳಿದದ್ದೂ ನೆನಪಾಯಿತು. ಸುಮಾರು ಆರುನೂರು ವರ್ಷದಲ್ಲಿ ಯಾವ ಪೋಪ್ ಕೂಡ ಹಾಗೆ ಬಿಟ್ಟಿರಲಿಲ್ಲ. ನಮ್ಮದು ಬೇರೆ ಸಭೆ. ಆದರೂ ಅಷ್ಟು ದೊಡ್ಡವರು ಅಂದ ಮಾತು ನನ್ನಂಥವನಿಗೆ ಧೈರ್ಯ ಕೊಟ್ಟಿತು.

ಮೊದಲು ಹೆಂಡತಿಗೆ ಹೇಳಿದೆ. ಅವಳು ಪಾತ್ರೆ ತೊಳೆಯುತ್ತಿದ್ದಳು. ತಿರುಗದೇ, ಒಂದು ವರ್ಷದಿಂದ ಇದಕ್ಕೇ ಕಾಯುತ್ತಿದ್ದೆ ಅಂದಳು. ಆಮೇಲೆ ಡಾಕ್ಟರ ಹತ್ತಿರ ಪತ್ರ ಬರೆಸಿಕೊಂಡೆ. ಇದನ್ನು ಸರಿಯಾಗಿ ಬರೆಸಿಕೊಳ್ಳಿ. ಕಾಯಿಲೆಯ ಹೆಸರು ಒಂದಿದ್ದರೆ ಸಾಲದು. ವಾರಕ್ಕೆ ಎಷ್ಟು ಸಲ ಚಿಕಿತ್ಸೆ, ಪ್ರಯಾಣ ಮಾಡಬಹುದಾ, ಎಷ್ಟು ಹೊತ್ತು ನಿಲ್ಲಬಹುದು, ಮುಂದೆ ಸುಧಾರಿಸುತ್ತದಾ ಇಲ್ಲವಾ, ಇದೆಲ್ಲ ಇರಬೇಕು. ಸಭೆಯ ಆಫೀಸಿನಲ್ಲಿ ಓದುವವರು ಡಾಕ್ಟರಲ್ಲ ಅಲ್ವಾ.

ಬಿಷಪ್ಪರಿಗೆ ಬರೆದ ಪತ್ರ ಮೊದಲು ನಾಲ್ಕು ಪುಟ ಆಯಿತು. ಅದರಲ್ಲಿ ನನ್ನ ಸೇವೆಯ ಚರಿತ್ರೆ, ಕಟ್ಟಿಸಿದ ಎರಡು ಚರ್ಚು, ಅನುಭವಿಸಿದ ಕಷ್ಟ ಎಲ್ಲ ಇತ್ತು. ಹರಿದು ಹಾಕಿದೆ. ಕೊನೆಗೆ ಕಳಿಸಿದ್ದು ಹನ್ನೊಂದು ಸಾಲು. ಮೇ ತಿಂಗಳ ವರ್ಗಾವಣೆಯ ಹೊತ್ತಿಗೆ ಬಿಡುಗಡೆ ಕೊಡಿ, ಆಗ ಸಭೆಗೆ ಹೊಸ ಪಾಸ್ಟರ್ ಸಿಗುತ್ತಾರೆ ಅಂತ ಕೇಳಿದೆ. ನಡುವಲ್ಲಿ ಬಿಟ್ಟರೆ ಸಭೆ ಒಂದು ವರ್ಷ ಕಾಯಬೇಕಾಗುತ್ತದೆ. ಪತ್ರ ಹೋದ ದಿನವೇ ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯನ್ನು ಕರೆದು ಹೇಳಿದೆ. ಅವರಿಗೆ ಬೇರೆಯವರ ಬಾಯಿಂದ ಗೊತ್ತಾಗಬಾರದು.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಮನೆ. ಪಾರ್ಸನೇಜಿನಲ್ಲೇ, ಅಂದರೆ ಪಾಸ್ಟರಿಗೆ ಸಭೆ ಕೊಡುವ ಮನೆಯಲ್ಲೇ, ಬದುಕು ಕಳೆದವನಿಗೆ ಸ್ವಂತ ಸೂರು ಎಲ್ಲಿಂದ ಬರಬೇಕು? ನಿವೃತ್ತಿ ಅಂದರೆ ಸಂಬಳದ ಜೊತೆ ಮನೆಯೂ ಹೋಗುತ್ತದೆ. ಪಿಎಫ್ ಎಷ್ಟಿದೆ ಅಂತ ನಾನು ಇಪ್ಪತ್ತಾರು ವರ್ಷ ನೋಡಿರಲೇ ಇಲ್ಲ. ದೇವರು ನೋಡಿಕೊಳ್ಳುತ್ತಾನೆ ಅನ್ನುವುದು ನಿಜ, ಆದರೆ ಪಾಸ್‌ಬುಕ್ ನೋಡುವುದು ನಮ್ಮ ಕೆಲಸ. ಆ ದುಡ್ಡಲ್ಲಿ ಡಿಪಾಸಿಟ್ ಕೊಟ್ಟು ರಾಯಚೂರಿನಲ್ಲಿ ಆಸ್ಪತ್ರೆಗೆ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು. ಮಗಳು ನರ್ಸಿಂಗ್ ಮುಗಿಸಿದ್ದಳು, ಅವಳ ಸಂಬಳ ಕೈಹಿಡಿಯಿತು. ಬಿಪಿಎಲ್ ಕಾರ್ಡ್ ಇರುವವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಉಚಿತ. ಕೇಂದ್ರದ ಈ ಯೋಜನೆ 2016ರಿಂದ ಇದೆ. ಎಷ್ಟೋ ಹಳ್ಳಿಯ ಪಾಸ್ಟರುಗಳಿಗೆ, ಸುವಾರ್ತಿಕರಿಗೆ ಇದು ಗೊತ್ತಿಲ್ಲ. ಸಾಲ ಮಾಡುವ ಮುಂಚೆ ಹೋಗಿ ಕೇಳಿ.

2022ರ ಮೇ ತಿಂಗಳ ಕೊನೆಯ ಭಾನುವಾರ ಬೀಳ್ಕೊಡುಗೆ. ಶಾಲು, ಹಾರ, ಅಳು. ಅದರ ಬಗ್ಗೆ ಜಾಸ್ತಿ ಬರೆಯಲಾರೆ. ಮನೆಗೆ ಬಂದು ಬಿಳಿ ನಿಲುವಂಗಿಯನ್ನು ತೊಳೆಯಲು ಹಾಕುವಾಗ ಕಾಲರ್ ಮೇಲಿನ ಬೆವರಿನ ಕಲೆ ನೋಡಿದೆ. ಆ ಕಲೆ ಹೋಗಲಿಲ್ಲ.

ಬಿಟ್ಟ ಮೇಲಿನ ಮೊದಲ ವರ್ಷ ಫೋನಿನದ್ದೇ ಕಷ್ಟ. ಅಯ್ಯನವರೇ, ಮಗಳ ಮದುವೆ ನೀವೇ ಮಾಡಿಸಬೇಕು. ಅಯ್ಯನವರೇ, ಹೊಸ ಪಾಸ್ಟರ್ ಹಾಡು ಬದಲಾಯಿಸಿದ್ದಾರೆ, ನೀವು ಒಂದು ಮಾತು ಹೇಳಿ. ನಾನು ಯಾವುದಕ್ಕೂ ಹೂಂ ಅನ್ನಲಿಲ್ಲ. ಲೇವಿಯರ ವಾಕ್ಯವನ್ನೇ ಹಿಡಿದುಕೊಂಡೆ. ಹೊಸಬರು ಚಿಕ್ಕ ವಯಸ್ಸಿನವರು, ಅವರಿಗೆ ಜಾಗ ಬೇಕು. ಅದೇ ಊರಲ್ಲಿ ಉಳಿದಿದ್ದರೆ ನನ್ನಿಂದ ಇದು ಆಗುತ್ತಿರಲಿಲ್ಲ. ಒಂದು ಸಾವಿಗೆ ಮಾತ್ರ ಹೋದೆ. ಹಿಂದಿನ ಸಾಲಲ್ಲಿ ಕೂತು, ಮಣ್ಣು ಹಾಕಿ, ಬಂದೆ. ಆ ಮನೆಯಲ್ಲಿ ಚೊಂಬು ತಂದರು. ಎರಡು ಗುಟುಕು ಸಾಕು, ಕಿಡ್ನಿ ಹೋಗಿದೆ ಅಂದೆ. ಆ ಹೆಣ್ಣುಮಗಳು ಒಳಗೆ ಹೋಗಿ ಚಹಾದ ಚಿಕ್ಕ ಲೋಟದಲ್ಲಿ ತಂದು ಕೊಟ್ಟಳು. ಅವಳಿಗೆ ನೋವಾಗಲಿಲ್ಲ. ನಾನು ಅಷ್ಟು ವರ್ಷ ಹೆದರಿದ್ದು ಇಷ್ಟಕ್ಕೇ.

ಈಗ ರಾಯಚೂರಿನ ಸಭೆಯಲ್ಲಿ ಕೊನೆಯ ಬೆಂಚು ನಮ್ಮದು. ಮತ್ತೆ ಮಂಗಳ, ಗುರು, ಶನಿಗೆ ಬದಲಾಯಿಸಿಕೊಂಡಿದ್ದೇನೆ. ಭಾನುವಾರ ಸುಸ್ತಾದರೆ ಹೆಂಡತಿಯ ಹೆಗಲಿಗೆ ಒರಗಿ ಕೂರುತ್ತೇನೆ. ಇಷ್ಟು ವರ್ಷ ಆರಾಧನೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತದ್ದೇ ಇಲ್ಲ.

2023ರ ಶುಭ ಶುಕ್ರವಾರ ಏಪ್ರಿಲ್ 7ಕ್ಕೆ ಬಂತು. ಮಧ್ಯಾಹ್ನ ಹನ್ನೆರಡರಿಂದ ಮೂರು ಗಂಟೆಯವರೆಗೆ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಆರಾಧನೆ. ಅಲ್ಲಿನ ಪಾಸ್ಟರ್ ಹಿಂದಿನ ವಾರ ಮನೆಗೆ ಬಂದು ಒಂದು ಮಾತು ನೀವು ತೆಗೆದುಕೊಳ್ಳಿ ಅಂದರು. ಯಾವುದು ಅಂತ ಕೇಳಿದೆ. ಐದನೆಯದು ಅಂದರು. ನನಗೆ ನೀರಡಿಕೆಯಾಗಿದೆ.

ಅವರು ಬೇಕಂತಲೇ ಕೊಟ್ಟರೋ, ಸಾಲಿನಲ್ಲಿ ಹಾಗೆ ಬಂತೋ ಕೇಳಲಿಲ್ಲ. ಅವತ್ತು ಬಿಸಿಲು ಜೋರಾಗಿತ್ತು. ಪುಲ್ಪಿಟ್ ಹತ್ತಲಿಲ್ಲ, ಕುರ್ಚಿ ಹಾಕಿಸಿಕೊಂಡು ಕೂತೇ ಮಾತಾಡಿದೆ. ನೀರಡಿಕೆ ಅಂದರೆ ಏನು ಅಂತ ಮೊದಲೆಲ್ಲ ಪುಸ್ತಕ ನೋಡಿ ಹೇಳುತ್ತಿದ್ದೆ. ಅವತ್ತು ನಾಲಿಗೆ ಅಂಗುಳಕ್ಕೆ ಅಂಟುವುದು, ತುಟಿ ಒಡೆಯುವುದು, ಐಸಿನ ಒಂದು ಚೂರನ್ನು ಹತ್ತು ನಿಮಿಷ ಬಾಯಲ್ಲಿ ಇಟ್ಟುಕೊಳ್ಳುವುದು, ಇಷ್ಟನ್ನೇ ಹೇಳಿದೆ. ಶಿಲುಬೆಯ ಮೇಲೆ ಆತನು ಅದನ್ನು ಮುಚ್ಚಿಡಲಿಲ್ಲ, ಬಾಯಿಬಿಟ್ಟು ಹೇಳಿದನು ಅಂದೆ. ಎಂಟು ನಿಮಿಷ ಆಯಿತು. ಆರನೆಯ ಮಾತಿನವರು ಎದ್ದು ಬಂದರು. ನಾನು ಹೋಗಿ ಹೆಂಡತಿಯ ಪಕ್ಕ ಕೂತೆ. ಅವಳು ಚೀಲದಿಂದ ಬಾಟಲಿ ತೆಗೆದು, ಮುಚ್ಚಳದಲ್ಲಿ ಒಂದು ಗುಟುಕು ಹಾಕಿ ಕೊಟ್ಟಳು.